ನಾದಿನಿಯ ಸೆರಗು ಜಗ್ಗುವ ಕೆಲಸ

ನಮ್ಮ ನಾದಿನಿಗೆ ಇರುವುದು ಎರಡೇ ಎರಡು ರೋಗ. ಒಂದು ಸಕ್ಕರೆ ಕಾಯಿಲೆ, ಇನ್ನೊಂದು ನಡಿಗೆ. ಮೊದಲನೆಯದಕ್ಕೆ ಔಷಧಿಯೆಂದು ಡಾಕ್ಟರು ಎರಡನೆಯದನ್ನು ಬರೆದುಕೊಟ್ಟರು. ಮೊದಲನೆಯದು ಹತೋಟಿಗೆ ಬಂದು ಎಷ್ಟೋ ಕಾಲವಾಯಿತು. ಎರಡನೆಯದಕ್ಕೆ ಮಾತ್ರ ಇನ್ನೂ ಯಾರ ಬಳಿಯೂ ಔಷಧಿ ಇಲ್ಲ!

ನೀವೆಲ್ಲ ಅವಳನ್ನು ಬನಹಟ್ಟಿ ಅಜ್ಜಿ ಎಂದು ಕರೆಯುತ್ತೀರಿ. ನಿಮ್ಮ ಅಜ್ಜನಿಗೆ ಅವಳು ಒಬ್ಬಳೇ ತಂಗಿ; ಅಣ್ಣನ ಹೆಂಡತಿಯೆಂದು ನನ್ನನ್ನು ವೈನಿ ಎನ್ನುತ್ತಾಳೆ. ಜಮಖಂಡಿಯ ಈ ನಮ್ಮ ಮನೆ ಅವಳ ತವರು, ನೇಕಾರರ ಊರಾದ ಬನಹಟ್ಟಿ ಗಂಡನ ಮನೆ. "ಬನಹಟ್ಟಿ ಅಜ್ಜಿ ಯಾಕೆ ಹಾಗೆ?" ಎಂದು ನೀವು ಕೇಳಿದಾಗಲೆಲ್ಲ ನಾನು ನಕ್ಕು ಸುಮ್ಮನಾಗಿದ್ದೇನೆ. ಎದುರಿಗೆ ಕೂರಿಸಿಕೊಂಡು ಕಥೆ ಹೇಳು ಎಂದರೆ ನನಗೆ ನಾಲಿಗೆ ಏಳುವುದಿಲ್ಲ. ಗಲಗಲಿಯ ಸಾಲೆಯಲ್ಲಿ ಕಲಿತ ಅಕ್ಷರಗಳು ಹೇಗೋ ಕೈಯಲ್ಲಿ ಉಳಿದಿವೆ. ಅದಕ್ಕೇ ಬರೆಯುತ್ತಿದ್ದೇನೆ. ಓದುವಾಗ ನಗು ಬಂದರೆ ನಗಿ. ಆದರೆ ಅವಳ ಎದುರಿಗೆ ನಗಬೇಡಿ. ನಕ್ಕವರನ್ನು ಅವಳು ಬೀಳಗಿಯವರೆಗೆ ನಡೆಸಿಕೊಂಡು ಹೋಗುತ್ತಾಳೆ.

"ದಿನಾ ಮುಂಜಾನೆ ಅರ್ಧಾ ತಾಸ ನಡೀರಿ, ಅಕ್ಕಾರ" ಎಂದರಂತೆ ಡಾಕ್ಟರು. ಮರುದಿನ ಬೆಳಿಗ್ಗೆ ನಾದಿನಿ ಬನಹಟ್ಟಿಯ ಮನೆಯಿಂದ ಹೊರಟಳು. ಅರ್ಧ ತಾಸು ನಡೆದಳು. ಆಮೇಲೆ ತಿರುಗಿ ಮನೆಗೆ ಹೋಗಬೇಕು ತಾನೇ? ಹೋಗಲಿಲ್ಲ. ನಾನು ಮಧ್ಯಾಹ್ನದ ರೊಟ್ಟಿ ಬಡಿಯುತ್ತಿದ್ದಾಗ ಜಮಖಂಡಿಯ ನಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ಮೊಣಕಾಲಿನವರೆಗೆ ಧೂಳು. ಮುಖ ಮಾತ್ರ ಬಹುಮಾನ ಗೆದ್ದವರ ಹಾಗೆ!

"ಬಸ್ಸ ಇರಲಿಲ್ಲೇನ ಬೇ?" ಎಂದು ಗಾಬರಿಯಿಂದ ಕೇಳಿದೆ.

"ಬಸ್ಸಿಗೇನ ಕಡಿಮಿ ವೈನಿ? ಡಾಕ್ಟರ ನಡೀರಿ ಅಂದ್ರು, ನಡದೆ. ಅರ್ಧಾ ತಾಸ ಆದ ಮ್ಯಾಲ ತಿರಗಿ ಬರ್ರಿ ಅಂತ ಎಲ್ಲಿ ಹೇಳ್ಯಾರ?"

ಅಷ್ಟರಲ್ಲಿ ಅವಳ ಗಂಡನ ಫೋನು. ಅವರ ವಿಷಯ ನಿಮಗೆ ಗೊತ್ತೇ ಇದೆ. ಎದುರು ಓಣಿಯಲ್ಲಿ ಚಹಾ ಕುಡಿಯಬೇಕಾದರೂ ಸ್ಕೂಟರ್ ಚಾಲೂ ಮಾಡುವ ಮನುಷ್ಯ. "ಅಕ್ಕಾರ, ನಮ್ಮಾಕಿ ನಿಮ್ಮ ಕಡೆ ಬಂದಾಳೇನ್ರಿ? ಬಂದಿದ್ರ ಅಲ್ಲೇ ಕಟ್ಟಿ ಹಾಕ್ರಿ. ಹಿಂಗ ಬಿಟ್ರ ಸಂಜೀಕ ವಿಜಾಪುರ ಮುಟ್ಟತಾಳ!"

ಅಲ್ಲಿಂದ ಶುರುವಾಯಿತು ನೋಡಿ. ಮೊದಮೊದಲು ಬರಿಗೈಯಲ್ಲಿ ನಡೆಯುತ್ತಿದ್ದಳು. ಆಮೇಲೆ ಬೆನ್ನಿಗೆ ಹಾಕುವ ದೊಡ್ಡ ಚೀಲವೊಂದನ್ನು ಕೊಂಡಳು. ನೆಲದ ಮೇಲೆ ನಿಲ್ಲಿಸಿದರೆ ಅದು ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ದೂರದ ನಡಿಗೆಗೆ ಹೋಗುವವರು ಮನೆಯನ್ನೇ ಬೆನ್ನ ಮೇಲೆ ಹೊತ್ತುಕೊಂಡು ನಡೆಯಬೇಕಂತೆ. ಅದಕ್ಕೆ ಬೆನ್ನಿಗೆ ಭಾರದ ರೂಢಿ ಆಗಬೇಕಂತೆ. ಆ ಚೀಲದೊಳಗೆ ಅವಳು ಏನು ತುಂಬಿದಳು ಗೊತ್ತೇ? ಬೆಲ್ಲದ ಪೆಂಟಿಗಳನ್ನು!

"ಕಲ್ಲ ಹಾಕಿದ್ರ ಆಗತಿರಲಿಲ್ಲೇನ?" ಎಂದೆ.

"ಕಲ್ಲ ಹೊತ್ಗೊಂಡ ತಿರಗಾಕ ನನಗೇನ ಹುಚ್ಚ ಹಿಡದೈತೇನ ವೈನಿ? ಬೆಲ್ಲಾ ಆದ್ರ ಹೋದ ಮನ್ಯಾಗ ಒಂದ ಪೆಂಟಿ ಕೊಟ್ಟ ಬರಬಹುದು. ಬರೂವಾಗ ಭಾರಾನೂ ಕಡಿಮಿ ಆಕ್ಕೈತಿ."

ಸಕ್ಕರೆ ಕಾಯಿಲೆಯವಳು ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳುವಂತಿಲ್ಲ, ನಿಜ. ಬೆನ್ನಿಗೆ ಹಾಕಿಕೊಳ್ಳಬಾರದು ಎಂದು ಯಾವ ಡಾಕ್ಟರು ಹೇಳಿದ್ದಾರೆ! ಅವಳು ಬಂದು ಹೋದ ಮನೆಗಳಲ್ಲಿ ಇರುವೆಗಳ ಸಾಲು ಮಾತ್ರ ಬಹಳ ದಿನ ಅವಳ ದಾರಿ ಕಾಯುತ್ತಿತ್ತು.

ಕಬ್ಬಿನ ಹಂಗಾಮಿನಲ್ಲಿ ಅವಳನ್ನು ನೋಡಬೇಕಿತ್ತು. ಇಳಕಲ್ ಸೀರೆಯ ಕಚ್ಚೆ, ಕಾಲಲ್ಲಿ ಬೂಟು, ಬೆನ್ನ ಮೇಲೆ ಬೆಲ್ಲ. ಬೀಳಗಿ ಕಡೆಯ ರಸ್ತೆಯಲ್ಲಿ ಒಬ್ಬ ಟ್ರ್ಯಾಕ್ಟರಿನವನು ಕನಿಕರಪಟ್ಟು ನಿಲ್ಲಿಸಿದನಂತೆ. "ಹತ್ರಿ ಅಕ್ಕಾರ, ಬಾಡಗಂಡಿ ತನಕ ಬಿಡತೇನಿ."

"ಬ್ಯಾಡಪ್ಪಾ, ನನಗ ಅರ್ಜೆಂಟ್ ಐತಿ" ಎಂದು ಇವಳು ಮುಂದೆ ಹೋದಳು. ಅವಳು ಬಾಡಗಂಡಿಯಲ್ಲಿ ಪರಿಚಯದವರ ಮನೆಯಲ್ಲಿ ಉಂಡು, ಬೆಲ್ಲ ಕೊಟ್ಟು, ತಿರುಗಿ ಬರುವಾಗಲೂ ಆ ಕಬ್ಬಿನ ಟ್ರ್ಯಾಕ್ಟರು ಸಕ್ಕರೆ ಕಾರ್ಖಾನೆಯ ಸಾಲಿನಲ್ಲಿ ನಿಂತೇ ಇತ್ತು. ಅವನೇ ಕೈ ಮುಗಿದನಂತೆ!

ಮುಧೋಳದ ನಾಯಿಯ ಕಥೆ ಇದಕ್ಕಿಂತ ಚೆಂದ. ಅಲ್ಲಿಯ ನಾಯಿಗಳ ಕಾಲು ಎಷ್ಟು ಉದ್ದ, ಅವು ಹೇಗೆ ಗಾಳಿಯಂತೆ ಓಡುತ್ತವೆ ಎಂಬುದು ನಿಮಗೆ ಗೊತ್ತು. ಒಂದು ಬೆಳಿಗ್ಗೆ ಅಂಥದೊಂದು ನಾಯಿ ಇವಳ ಬೆನ್ನು ಹತ್ತಿತು. ಬೆಲ್ಲದ ವಾಸನೆಗೋ, ಬೂಟಿನ ಸಪ್ಪಳಕ್ಕೋ, ಅಂತೂ ಜೊತೆಗೆ ಬಂತು. ಇವಳು ನಡೆದೇ ನಡೆದಳು. ಊರು ದಾಟಿತು, ಹೊಲ ದಾಟಿತು, ಇನ್ನೊಂದು ಊರೂ ದಾಟಿತು. ಕೊನೆಗೆ ಆ ನಾಯಿ ಒಂದು ಬೇವಿನ ಮರದ ಕೆಳಗೆ ನಾಲ್ಕೂ ಕಾಲು ಚಾಚಿ ಮಲಗಿಬಿಟ್ಟಿತು. ಹುಡುಕಿಕೊಂಡು ಬಂದ ಮಾಲೀಕ ಅದನ್ನು ಮೋಟರ್ ಸೈಕಲ್ಲಿನ ಮೇಲೆ ಅಡ್ಡ ಹಾಕಿಕೊಂಡು ಹೇಳಿದನಂತೆ: "ಅಕ್ಕಾರ, ಇದು ಓಡೂ ಜಾತಿ ರೀ, ನಡಿಯೂ ಜಾತಿ ಅಲ್ಲ. ದಯಮಾಡಿ ಇನ್ನಮ್ಯಾಲ ಈ ರಸ್ತಾಕ ಬರಬ್ಯಾಡ್ರಿ."

ಇಂಥವಳಿಗೆ ಜಮಖಂಡಿ, ಮುಧೋಳ, ಬೀಳಗಿ ಎಷ್ಟು ದಿನ ಸಾಕಾದಾವು? ಧಾರವಾಡದ ಕಡೆಯ ಒಂದು ನಡೆಯುವವರ ಗುಂಪು ಲಡಾಖಿಗೆ ಹೊರಟಿದೆ ಎಂಬ ಸುದ್ದಿ ಅವಳ ಕಿವಿಗೆ ಬಿತ್ತು. ಗಣಪತಿ ಹಬ್ಬ ಮುಗಿಸಿಕೊಂಡು ಹೋಗುವುದು, ನವರಾತ್ರಿಯ ಹೊತ್ತಿಗೆ ಬರುವುದು. ಬನಹಟ್ಟಿಯ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ನಡೆದ ಮಾತು ಇದು. ನಾನೇ ಕೇಳಿದ್ದು.

"ಲಡಾಖದಾಗ ಏನೈತಿ ಅಂತ ಹೊಂಟಿ?"

"ಗುಡ್ಡ ಐತಿ. ಮರಳಗಾಡ ಐತಿ."

"ಗುಡ್ಡ ಜಮಖಂಡ್ಯಾಗ ಐತಿ. ಉಸುಕ ಕೃಷ್ಣಾ ಹೊಳ್ಯಾಗ ಐತಿ. ಎರಡೂ ಸ್ಕೂಟರ್ ಮ್ಯಾಲ ತೋರಿಸಿಕೊಂಡ ಬರತೇನಿ, ಹತ್ತು."

ಹತ್ತಲಿಲ್ಲ. ಹೋದಳು. ನಮ್ಮ ಕಡೆ ಬೇಸಿಗೆಯಲ್ಲಿ ಹೊರಗೆ ಹೋಗುವವರು ಬಿಸಿಲು ಬಡಿಯದಿರಲೆಂದು ಒಂದು ಉಳ್ಳಾಗಡ್ಡಿ ಇಟ್ಟುಕೊಳ್ಳುತ್ತೇವಲ್ಲ? ಮರಳುಗಾಡು ಎಂಬ ಮಾತು ಕೇಳಿದ್ದೇ ತಡ, ಇವಳು ಚೀಲದ ಜೇಬುಗಳ ತುಂಬ ಉಳ್ಳಾಗಡ್ಡಿ ತುಂಬಿಕೊಂಡಳು. ಹೋಗಿ ನೋಡಿದರೆ ಅದು ಥಂಡಿಯ ಮರಳುಗಾಡು! ಬಾಟಲಿಯ ನೀರೇ ಗಟ್ಟಿಯಾಗುವಂಥ ಚಳಿ. ಉಳ್ಳಾಗಡ್ಡಿಗಳು ಗೋಲಿಗುಂಡಿನ ಹಾಗೆ ಕಟಕಟ ಎನ್ನತೊಡಗಿದವಂತೆ. ಕೊನೆಗೆ ಅಡುಗೆಯವನು ಅವನ್ನೆಲ್ಲ ಕೊಚ್ಚಿ ಬೇಳೆಗೆ ಹಾಕಿದ. ಆ ಗುಂಪಿನವರು ಇಂದಿಗೂ ಅವಳನ್ನು ಉಳ್ಳಾಗಡ್ಡಿ ಆಂಟಿ ಎಂದೇ ಕರೆಯುತ್ತಾರೆ.

ತಿರುಗಿ ಬಂದವಳು ಬನಹಟ್ಟಿಗೂ ಹೋಗದೆ ನೇರ ನಮ್ಮ ಮನೆಗೆ ಬಂದಳು. ಪಡಸಾಲೆಯಲ್ಲಿ ಚೀಲ ಇಳಿಸಿ ಕೂತಳು. ಆ ನಡಿಗೆಯ ಕೊನೆಯಲ್ಲಿ ದೊಡ್ಡ ಘಟ್ಟವೊಂದನ್ನು ದಾಟಬೇಕು, ಅದನ್ನು ದಾಟಿದರೇನೇ ಹೋಗಿದ್ದಕ್ಕೆ ಬೆಲೆ ಎಂದು ಹೋಗುವ ಮೊದಲು ಊರಿಗೆಲ್ಲ ಹೇಳಿದ್ದಳು. ನಿಮ್ಮಪ್ಪ ಅದನ್ನೇ ಕೇಳಿದ. "ಅತ್ತಿ, ಘಟ್ಟ ದಾಟಿದೇನ?"

"ಇಲ್ಲೋ ಯಪ್ಪಾ."

"ಯಾಕ? ಏನಾತು?"

"ದಾರ್ಯಾಗ ಮಗ್ಗ ಬಂತು."

ನಾವು ಮುಖ ಮುಖ ನೋಡಿಕೊಂಡೆವು. ಹುಲಿ ಬಂತು ಎಂದರೆ ಅರ್ಥವಾಗುತ್ತದೆ. ಮಗ್ಗ ಬಂತು ಎಂದರೇನು?

"ಘಟ್ಟದ ಬುಡಕ್ಕ ಒಂದ ಸಣ್ಣ ಹಳ್ಳಿ ಐತಿ. ಅಲ್ಲೊಬ್ಬಾಕಿ ಅಂಗಳದಾಗ ಕುಂತು, ಸೊಂಟಕ್ಕ ಪಟ್ಟಿ ಬಿಗದುಕೊಂಡು ಉಣ್ಣಿ ಬಟ್ಟಿ ನೇಯಾಕತ್ತಿದ್ಲು. ಎಳಿ ಹರೀತು. ಗಂಟ ಹಾಕಿದ್ಲು. ಅಯ್ಯ ವೈನಿ, ಆ ಗಂಟ ಏನ ಕೇಳತಿ! ದನಾ ಕಟ್ಟೂ ಗಂಟ ಅದು! ನಮ್ಮ ಬನಹಟ್ಟ್ಯಾಗ ಕೂಸುಗೋಳು ಹಾಕತಾವು ಅದಕ್ಕಿಂತ ಛಲೋ ಗಂಟು."

"ಮತ್ತ ನೀ ಏನ ಮಾಡಿದಿ?"

"ಏನ ಮಾಡಲಿ? ಚೀಲಾ ಇಳಿಸಿ ಕುಂತೆ."

ಆ ಗಂಟು ಬಿಚ್ಚಿ ಬೇರೆ ಗಂಟು ಹಾಕಿದಳಂತೆ. ಪಕ್ಕದ ಎಳೆ ಸಡಿಲಾಗಿತ್ತಂತೆ, ಅದನ್ನು ಬಿಗಿದಳಂತೆ. ಅದರ ಪಕ್ಕದ್ದನ್ನೂ ನೋಡಿದಳಂತೆ. ತಲೆ ಎತ್ತುವಷ್ಟರಲ್ಲಿ ಗುಂಪು ಮುಂದೆ ಹೋಗಿತ್ತು, ಮೋಡ ಕವಿದಿತ್ತು, ಹಿಮ ಬಿದ್ದು ದಾರಿ ಮುಚ್ಚಿತ್ತು. ಹೇಸರಗತ್ತೆಯವನೊಬ್ಬನ ಜೊತೆ ಕೆಳಗಿಳಿದು, ಜೀಪಿನಲ್ಲಿ ಸುತ್ತು ಹಾಕಿ ಗುಂಪನ್ನು ಕೂಡಿಕೊಂಡಳಂತೆ.

ಸುದ್ದಿ ಕೇಳಿ ಅವಳ ಗಂಡ ಸ್ಕೂಟರ್ ಮೇಲೆ ಬಂದವರು ಹಣೆ ಹಣೆ ಬಡಿದುಕೊಂಡರು. "ಮನ್ಯಾಗ ಮಗ್ಗ ಐತಿ, ಅದಕ್ಕ ಜ್ಯಾಡರ ಬಲಿ ಕಟ್ಟೈತಿ. ಇಕಿ ಲಡಾಖಿಗೆ ಹೋಗಿ ನೇದ ಬಂದಾಳ್ರಿ ಅಕ್ಕಾರ! ಕೂಲಿನರ ಕೊಟ್ರೇನ ಕೇಳ್ರಿ."

ನಾನು ದನಿ ತೆಗೆದು ನಕ್ಕುಬಿಟ್ಟೆ. ನಿಮ್ಮಮ್ಮ ಅಡುಗೆಮನೆಯಿಂದ ಓಡಿ ಬಂದು ನನ್ನ ಮುಖ ನೋಡಿದಳು. ಅದಕ್ಕೆ ಕಾರಣವಿತ್ತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಒಳಗಿನ ಕೋಣೆ ಬಿಟ್ಟು ಬರುವುದೇ ಕಡಿಮೆಯಾಗಿತ್ತು. ಮೊದಲೇ ಮಾತು ಕಡಿಮೆಯವಳು. ಅವರಿದ್ದಾಗ ದಿನದ ಸಣ್ಣಪುಟ್ಟದ್ದನ್ನೆಲ್ಲ ಅವರೊಬ್ಬರಿಗೆ ಹೇಳುತ್ತಿದ್ದೆ. ಅವರು ಹೋದ ಮೇಲೆ ಯಾರಿಗೆ ಹೇಳುವುದು ಎಂದು ತಿಳಿಯದೆ ಹೇಳುವುದನ್ನೇ ಬಿಟ್ಟಿದ್ದೆ. ಕೇಳಿದ್ದಕ್ಕೆ ಹೂಂ, ಉಣ್ಣು ಎಂದರೆ ಹೂಂ. ಇನ್ನು ನನಗೆ ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳುವ ಅಭ್ಯಾಸ ಮೊದಲಿನಿಂದಲೂ ಇಲ್ಲ.

ನಗು ನಿಂತ ಮೇಲೆ ನಾದಿನಿ ನನ್ನ ಹತ್ತಿರ ಸರಿದು ಕೂತಳು. "ಬರೂ ವರ್ಷ ಮತ್ತ ಹೋಗತೇನಿ ವೈನಿ. ಆ ಘಟ್ಟ ದಾಟದ ಬಿಡೂದಿಲ್ಲ. ಆದ್ರ ದಾರ್ಯಾಗ ಆ ಮಗ್ಗ ಐತೆಲ್ಲ! ನನ್ನ ಮ್ಯಾಲ ನನಗ ಭರವಸಿ ಇಲ್ಲ. ಮಗ್ಗ ಕಂಡಕೂಡಲೇ ಯಾರರ ನನ್ನ ಸೆರಗ ಹಿಡದ ಜಗ್ಗಬೇಕು."

"ಗುಂಪಿನ್ಯಾಗ ಮಂದಿ ಇರತಾರಲ್ಲ, ಅವರಿಗೆ ಹೇಳು."

"ಪರ ಮಂದಿ ಕಡೆ ಸೆರಗ ಜಗ್ಗಿಸಿಕೊಳ್ಳಾಕ ಆಕ್ಕೈತೇನ? ಮನೀ ಮಂದೀನ ಬೇಕು. ನೀ ಬರಬೇಕು."

ಮಕ್ಕಳೇ, ಲೋಕದಲ್ಲಿ ಜನ ಲಡಾಖಿಗೆ ಯಾವ ಯಾವ ಕಾರಣಕ್ಕೋ ಹೋಗುತ್ತಾರೆ. ಸೆರಗು ಜಗ್ಗುವ ಕೆಲಸಕ್ಕೆಂದು ಹೋದವಳು ನಾನೊಬ್ಬಳೇ ಇರಬೇಕು!

ನಿಮ್ಮಪ್ಪ ನಕ್ಕ. "ಅವ್ವಾ, ನೀ ಹೊಸ್ತಲಾ ದಾಟಾಕ ಹಿಂದ ಮುಂದ ನೋಡ್ತಿ. ಘಟ್ಟ ದಾಟತೀ?" ನಾನು "ಇಲ್ಲಪ್ಪ" ಎನ್ನಲು ಬಾಯಿ ತೆರೆದಿದ್ದೆ. ನಾದಿನಿ ನನಗಿಂತ ಮೊದಲೇ ಹೇಳಿದಳು: "ಅಕಿ ತನ್ನ ಸಲುವಾಗಿ ಬರಾಕತ್ತಿಲ್ಲೋ. ನನ್ನ ಸಲುವಾಗಿ ಬರಾಕತ್ತಾಳ." ಇನ್ನೊಬ್ಬರ ಸಲುವಾಗಿ ಎಂದರೆ ನಾನು ಯಾವತ್ತು ಇಲ್ಲ ಎಂದಿದ್ದೇನೆ?

ಮೊದಲ ಕಷ್ಟ ಬೂಟಿನದು. ಸೀರೆಯ ಕೆಳಗೆ ಬೂಟು ಹಾಕಿಕೊಂಡು ಓಣಿಯಲ್ಲಿ ನಡೆಯುವುದೇ? ನಾಚಿಕೆಯಿಂದ ಜೀವ ಹೋಗುತ್ತಿತ್ತು. ಬೂಟನ್ನು ಕೈಚೀಲದಲ್ಲಿ ಮುಚ್ಚಿಟ್ಟುಕೊಂಡು, ಚಪ್ಪಲಿಯಲ್ಲಿ ಊರ ಹೊರಗಿನವರೆಗೆ ಹೋಗಿ, ಜಾಲಿ ಗಿಡದ ಮರೆಯಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದೆ. "ಬೂಟ ತುಡುಗಿನ ಮಾಲ ಅಲ್ಲ ವೈನಿ, ರೊಕ್ಕಾ ಕೊಟ್ಟ ತಂದೇವಿ" ಎಂದು ನಾದಿನಿ ರಸ್ತೆಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

ದೂರ ನಡೆಯುವ ಮೊದಲ ಅಭ್ಯಾಸಕ್ಕೆ ಅವಳು ಆರಿಸಿದ್ದು ನನ್ನ ತವರು ಗಲಗಲಿಯನ್ನು. ಬೆಳಕು ಹರಿಯುವ ಮೊದಲೇ ಹೊರಟು, ಕೂತು ಎದ್ದು, ಎದ್ದು ಕೂತು, ಸಂಜೆಯ ಹೊತ್ತಿಗೆ ಹೊಳೆಯ ನೀರು ಕಾಣಿಸಿತು. ಬೆನ್ನ ಮೇಲೆ ಗಂಟಿನಂಥ ಚೀಲ, ಕೆದರಿದ ಕೂದಲು, ಬೆವರು. ನನ್ನ ತಮ್ಮ ಕಟ್ಟೆಯ ಮೇಲೆ ಕೂತಿದ್ದವನು ನನ್ನನ್ನು ನೋಡಿ ಎದ್ದು ನಿಂತ. ಅವನ ಮುಖ ಕಪ್ಪಿಟ್ಟಿತು.

"ಅಕ್ಕಾ! ಸೊಸಿ ಮನೀ ಬಿಡಿಸಿದ್ಲೇನ?"

ನಾನು ಉಸಿರು ತೆಗೆದುಕೊಂಡು ಮಾತಾಡುವುದರೊಳಗೆ ಅವನ ಹೆಂಡತಿ ಹೊರಗೆ ಬಂದು ನನ್ನ ಕೊರಳಿಗೆ ಬಿದ್ದು ಅತ್ತಳು. ಅಕ್ಕಪಕ್ಕದವರು ಕೂಡಿದರು. "ಅಯ್ಯ ನಮ್ಮವ್ವ, ನಡಕೋತ ಬಂದಾಳ!" "ಜೋಡಿ ನಾದಿನೀನೂ ಹೊರಗ ಹಾಕ್ಯಾರ ನೋಡು!" ತಮ್ಮ ಆಗಲೇ ನಿಮ್ಮಪ್ಪನಿಗೆ ಫೋನು ಹಚ್ಚಿ ಕೂಗಾಡುತ್ತಿದ್ದ: "ಲೇ, ಹಡದ ತಾಯಿನ್ನ ಹಿಂಗ ನಡಿಸಿಕೊಳ್ಳೂದೇನಲೇ?" ನಿಮ್ಮಪ್ಪ ಆ ಕಡೆಯಿಂದ, "ಮಾಮಾ, ನಡಿಸಿದಾಂವ ನಾ ಅಲ್ಲ, ಅತ್ತಿ!" ಎಂದು ಹೇಳುತ್ತಿದ್ದದ್ದು ನನಗೂ ಕೇಳಿಸಿತು.

ನಾದಿನಿ ಕಟ್ಟೆಯ ಮೇಲೆ ನಿಂತು ಸಭೆಗೆ ತಿಳಿಸಿದಳು: "ಯಾರೂ ಯಾರನ್ನೂ ಹೊರಗ ಹಾಕಿಲ್ಲ. ನಾವ ಪ್ರಾಕ್ಟೀಸ್ ಮಾಡಾಕ ಬಂದೇವಿ."

ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಗಲ್ಲಕ್ಕೆ ಕೈ ಹಚ್ಚಿದಳು. "ನೋಡ್ರೆವಾ! ಈಗಿನ ಮಂದಿ ಮನೀ ಬಿಟ್ಟ ಹೋಗಾಕೂ ಪ್ರಾಕ್ಟೀಸ್ ಮಾಡತಾರ!"

ಅಂತೂ ಗಣಪತಿಯನ್ನು ಹೊಳೆಗೆ ಕಳಿಸಿ ನಾವೂ ಹೊರಟೆವು. ರೈಲು, ವಿಮಾನ ಎಲ್ಲ ಮುಗಿದು ಲೇಹ್ ಪಟ್ಟಣ ಸೇರಿದೆವು. ಅಲ್ಲಿ ಗಾಳಿ ತೆಳು. ಮೈಗೆ ರೂಢಿಯಾಗಲೆಂದು ಮೊದಲು ಸುಮ್ಮನೆ ಕೂತಿರಬೇಕಂತೆ. ನನಗೆ ಅದೇನು ಕಷ್ಟ? ಕೂತಿರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ! ಆದರೆ ನಾದಿನಿ ಹಗ್ಗ ಬಿಗಿದ ಕರುವಿನ ಹಾಗೆ ಒದ್ದಾಡಿದಳು. ನನಗೆ ಹಿಂದಿ ಬಾರದೆಂಬ ಹೆದರಿಕೆ ಬೇರೆ. "ಹಿಂದಿ ಅಂದ್ರ ಏನ ವೈನಿ, ಕನ್ನಡದ ಕಡೀಕ ಒಂದ 'ಹೈ' ಹಚ್ಚೂದು" ಎಂದಳು. "ಭಯ್ಯಾ, ಚಾ ಬೇಕು ಹೈ, ಸಕ್ಕರಿ ಬ್ಯಾಡ ಹೈ." ಆಶ್ಚರ್ಯವೆಂದರೆ ಸಕ್ಕರೆ ಇಲ್ಲದ ಚಹಾ ಬಂದೇ ಬಂತು!

ಮೊದಲ ದಿನದ ನಡಿಗೆ ಮುಗಿದು ಡೇರೆ ಹಾಕಿದಾಗ ನಾವು ಬುತ್ತಿ ಬಿಚ್ಚಿದೆವು. ಇಡೀ ಪ್ರಯಾಣಕ್ಕೆಂದು ನಾನು ಮನೆಯಲ್ಲಿ ಬಡಿದು ಒಣಗಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ. ಬುತ್ತಿ ಬಿಚ್ಚಿದ ಮೇಲೆ ಎದುರಿಗೆ ಇದ್ದವರಿಗೆ ಕೊಡದೆ ತಿನ್ನುವುದುಂಟೇ? ನಮ್ಮ ಗುಂಪಿಗೆ ಕೊಟ್ಟೆವು. ಹೇಸರಗತ್ತೆಯವರಿಗೆ ಕೊಟ್ಟೆವು. ಪಕ್ಕದಲ್ಲಿ ಡೇರೆ ಹಾಕಿದ್ದ, ಎಲ್ಲಿಂದಲೋ ಬಂದ ಬಿಳಿಯ ಜನರಿಗೂ ಕೊಟ್ಟೆವು. ರೊಟ್ಟಿ ಮುರಿಯುವ ಸಪ್ಪಳ ಆ ಕಣಿವೆಯಲ್ಲಿ ಮಾರ್ದನಿಗೊಟ್ಟಿತು! ಬೆಳಿಗ್ಗೆ ನೋಡಿದರೆ ಬುತ್ತಿ ಕಟ್ಟಿದ ಬಟ್ಟೆ ಖಾಲಿ. ಇಡೀ ಪ್ರಯಾಣದ ಬುತ್ತಿ ಒಂದೇ ಊಟಕ್ಕೆ ಮುಗಿದಿತ್ತು. ಗೈಡ್ ತಲೆ ಕೆರೆದುಕೊಂಡ. ಅವನು ಆ ಕಡೆಯವನೇ, ನಡುವಯಸ್ಸಿನ ಶಾಂತ ಮನುಷ್ಯ, ಹಿಂದಿನ ವರ್ಷವೂ ನಾದಿನಿಯನ್ನು ಕರೆದುಕೊಂಡು ಹೋಗಿದ್ದವನು. "ಹೋಗಲಿ ಬಿಡ ವೈನಿ, ಭಾರ ಕಡಿಮಿ ಆತು" ಎಂದಳು ನಾದಿನಿ. ಭಾರ ಕಡಿಮೆಯಾದದ್ದು ನಿಜ. ಹೊಟ್ಟೆಯದೂ ಸೇರಿ.

ಅಲ್ಲಿಯ ಹವಾಮಾನದ ಬಗ್ಗೆ ಏನು ಹೇಳಲಿ? ತವರಿಗೆ ಹೋಗುತ್ತೇನೆ ಎಂದ ಸೊಸೆಯ ಎದುರಿಗೆ ಅತ್ತೆಯ ಮುಖ ಹೇಗೆ ಬದಲಾಗುತ್ತದೋ ಹಾಗೆ! ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಹಿಮ. ಸ್ವೆಟರ್ ಹಾಕಿಕೊಂಡು ಗುಂಡಿ ಹಚ್ಚುವುದರೊಳಗೆ ಸುಡುವ ಬಿಸಿಲು. ತೆಗೆದು ಮಡಚುವುದರೊಳಗೆ ಗಾಳಿ. ಮತ್ತೆ ಹಾಕಿಕೊಂಡರೆ ನಾಲ್ಕು ಹನಿ ಮಳೆ. ನನ್ನ ಮದುವೆಯಲ್ಲೂ ನಾನು ಅಷ್ಟು ಸಲ ಬಟ್ಟೆ ಬದಲಿಸಿರಲಿಲ್ಲ.

ಒಂದು ದಿನ ಪೂರ್ತಿ ಉಸುಕಿನಲ್ಲಿ ನಡೆದೆವು. ಮುಂದಿಟ್ಟ ಹೆಜ್ಜೆ ಅರ್ಧ ಹಿಂದೆ ಜಾರುತ್ತಿತ್ತು. ಸುತ್ತಲೂ ಒಂದೂ ಗಿಡವಿಲ್ಲದ ಗುಡ್ಡಗಳು. ಒಂದು ಕೆಂಪು, ಒಂದು ಹಳದಿ, ಒಂದು ನೇರಳೆ. "ಬಣ್ಣಾ ಹಾಕಿ ನೂಲ ಒಣಗಾಕ ಹಾಕ್ಯಾರ ನೋಡ ವೈನಿ" ಎಂದಳು ನಾದಿನಿ. ನಾನು ಹೂಂ ಎಂದೆ. ಮನಸ್ಸಿನಲ್ಲಿ ಎಷ್ಟೋ ಮಾತು ಬಂದವು. ಬಾಯಿಗೆ ಬಂದದ್ದು ಅದೊಂದೇ.

ಕೊನೆಗೆ ಘಟ್ಟದ ಬುಡದ ಹಳ್ಳಿ ಬಂತು. ನನ್ನ ಕೆಲಸದ ಹೊತ್ತು! ಊರ ಹೊರಗೇ ನಾದಿನಿ ತಲೆಯ ಮೇಲಿಂದ ಶಾಲು ಎಳೆದು ಮುಖ ಮುಚ್ಚಿಕೊಂಡಳು, ನೋಡಲು ಬಂದ ಗಂಡಿನ ಎದುರಿಗೆ ಹೊರಟ ಹುಡುಗಿಯ ಹಾಗೆ. ಅವಳ ಸೆರಗಿನ ತುದಿಯನ್ನು ನನ್ನ ಮುಂಗೈಗೆ ಸುತ್ತಿಕೊಂಡು ಜಗ್ಗುತ್ತ ನಡೆದೆ. ನಾಯಿಗಳು ಬೊಗಳಿದವು. ಗುಂಪಿನವರು ಫೋಟೋ ತೆಗೆದರು.

"ಬಂತೇನ ವೈನಿ?"

"ಯಾವುದು?"

"ಮಗ್ಗ! ಕೆಂಪ ಬಾಗಲಾ ಇರೂ ಮನಿ."

ಕೆಂಪು ಬಾಗಿಲಿನ ಮನೆ ಬಂತು. ಅಂಗಳ ನೋಡಿದೆ. ಮಗ್ಗ ಎಲ್ಲಿದೆ? ಅಲ್ಲಿ ಚಾಪೆಯ ಮೇಲೆ ಜರ್ದಾಳು ಹಣ್ಣು ಒಣಗಲು ಹಾಕಿದ್ದರು, ಅಷ್ಟೇ.

"ಮಗ್ಗನ ಇಲ್ಲ ಬೇ ಇಲ್ಲಿ!"

"ಇಲ್ಲದಿದ್ರೂ ಜಗ್ಗು. ಭರವಸಿ ಹೇಳಾಕ ಬರೂದಿಲ್ಲ."

ಜಗ್ಗಿದೆ. ಮನೆಯೊಡತಿ ಹೊರಗೆ ಬಂದವಳು ನಾದಿನಿಯ ಗುರುತು ಹಿಡಿದು, ಶಾಲಿನೊಳಗೆ ಇಣುಕಿ ನೋಡಿ, ಬಿದ್ದು ಬಿದ್ದು ನಕ್ಕಳು. ನಮ್ಮಿಬ್ಬರ ಕೈಗೂ ಉಪ್ಪು ಹಾಕಿದ ಬೆಣ್ಣೆಯ ಚಹಾ ಕೊಟ್ಟಳು. ಅಷ್ಟು ನಗುವಂಥದ್ದು ಏನಿದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಮರುದಿನ ಘಟ್ಟ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಅರ್ಧ ಏರುವಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಗುಂಪಿನ ಹುಡುಗರು ಮುಂದೆ ಹೋದರು. ಹಿಂದೆ ಉಳಿದದ್ದು ನಾನು, ನನ್ನ ಸಲುವಾಗಿ ಗೈಡ್. ನಾದಿನಿ ನನಗಿಂತ ಸ್ವಲ್ಪ ಮೇಲೆ. ಒಂದು ಹೆಜ್ಜೆ ಇಡುವುದು, ನಿಲ್ಲುವುದು, ಉಸಿರು ಹುಡುಕುವುದು. ನೆತ್ತಿಯ ಮೇಲಿನ ಬಣ್ಣದ ಪತಾಕೆಗಳು ಕಾಣುತ್ತಿದ್ದವು. ಹತ್ತಿರವೇ ಇದ್ದವು. ಆದರೂ ನನ್ನ ಕಾಲು ಒಲ್ಲೆ ಎಂದವು. ದೊಡ್ಡದೊಂದು ಬಂಡೆಯ ಮೇಲೆ ಕುಸಿದು ಕೂತೆ.

ನನಗೆ ಬೇಸರವೇನೂ ಆಗಲಿಲ್ಲ. ಮಗ್ಗ ದಾಟಿಸುವ ಕೆಲಸ ಮುಗಿದಿತ್ತು. ಅವಳು ಘಟ್ಟ ದಾಟಿದರೆ ಸಾಕು, ನಾನು ಹೇಸರಗತ್ತೆಯವರ ಜೊತೆ ಇಳಿದರಾಯಿತು ಎಂದುಕೊಂಡೆ.

ಗೈಡ್ ನನಗೆ ನೀರು ಕೊಟ್ಟು ಆ ಬಂಡೆಯನ್ನು ನೋಡಿ ಮುಗುಳ್ನಕ್ಕ. ನಿಧಾನವಾಗಿ, ಕೈಸನ್ನೆ ಮಾಡುತ್ತ, ನನಗೂ ತಿಳಿಯುವಂಥ ಸರಳ ಹಿಂದಿಯಲ್ಲಿ ಹೇಳಿದ. ಹೋದ ವರ್ಷ ಆಂಟಿ ಕೂತದ್ದೂ ಇದೇ ಬಂಡೆಯ ಮೇಲೆ. ಅಂದು ಒಂದು ಮೋಡವೂ ಇರಲಿಲ್ಲ. ಅವರ ಕಾಲಿಗೆ ದಣಿವೂ ಇರಲಿಲ್ಲ. ಮೇಲೆ ಆ ಪತಾಕೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಇವತ್ತು ಬೇಡ, ವೈನಿಯ ಜೊತೆ ಬರುತ್ತೇನೆ ಎಂದು ಹೇಳಿ ಇಳಿದು ಹೋದರು.

ಹಾಗಾದರೆ ಮಗ್ಗದ ಕಥೆ? ಮಗ್ಗಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೋ! ಎರಡೂ ಕೈಯಿಂದ ನೇಯುವ ಹಾಗೆ ಮಾಡಿ ತೋರಿಸಿದೆ. ಗೈಡ್ ಜೋರಾಗಿ ನಕ್ಕ. ಅದೇ? ಒಂದು ಗಂಟು ಹಾಕಿದರು, ಅಷ್ಟೇ. ಚಹಾ ಕುದಿಯುವಷ್ಟು ಹೊತ್ತೂ ಆಗಲಿಲ್ಲ.

ನಾದಿನಿ ನಾನು ಬಾರದಿರುವುದನ್ನು ಕಂಡು ಇಳಿದು ಬಂದಳು. ನಾನು ಅವಳನ್ನೇ ನೋಡುತ್ತ ಕೇಳಿದೆ. "ಇಂವ ಏನ ಹೇಳಾಕತ್ತಾನ ಬೇ?"

ಅವಳ ಮುಖ ಕೆಂಪಾಯಿತು. ಚಳಿಗೆ ಅಲ್ಲ. "ಅಂವಗ ಹಿಂದಿ ಬರೂದಿಲ್ಲ ವೈನಿ. ಏನೇನರ ಮಾತಾಡತಾನ."

ಅವಳು ಬೂಟಿನ ದಾರ ಬಿಚ್ಚಿದಳು, ಮತ್ತೆ ಕಟ್ಟಿದಳು. ಆಮೇಲೆ ಬಂಡೆಯ ಮೇಲೆ ನನ್ನ ಪಕ್ಕ ಕೂತಳು.

"ಮತ್ತ ಏನಂತ ಹೇಳಿ ಕರೀಲಿ ನಿನ್ನ? ಗುಡ್ಡ ನೋಡೂಣು ಬಾ ಅಂದಿದ್ರ ನೀ ಬರತಿದ್ದೇನ? ಅಣ್ಣ ಹೋದಾಗಿಂದ ಒಳಗ ಕುಂತಿ. ಹೊರಗ ಬಾ ಅಂದ್ರ ಹೂಂ ಅಂತಿ, ಏಳೂದಿಲ್ಲ. ಯಾರಿಗರ ನೀ ಬೇಕಾಗಿದ್ರ ಅಷ್ಟ ಏಳತಿ. ಅದಕ್ಕ ನನಗ ನೀ ಬೇಕಾದಿ." ಅವಳ ದನಿ ಸಣ್ಣದಾಯಿತು. "ಹೋದ ವರ್ಷ ಇಲ್ಲೆ ಕುಂತಾಗ ಅನಸ್ತು. ಇಷ್ಟ ದೊಡ್ಡದನ್ನ ನಾ ಒಬ್ಬಾಕಿ ನೋಡಿ ಏನ ಮಾಡಲಿ?"

ಗೈಡ್ ಮೋಡದ ಕಡೆ ಕೈ ತೋರಿಸಿದ. ಹೋಗುವುದಾದರೆ ಈಗಲೇ ಹೋಗಬೇಕು, ಇಲ್ಲವಾದರೆ ಇಳಿಯಬೇಕು.

"ನಿನಗ ಸಾಕಾಗಿದ್ರ ಇಳಿಯೂಣು ವೈನಿ" ಎಂದಳು ನಾದಿನಿ, ಚೀಲಕ್ಕೆ ಕೈ ಹಾಕುತ್ತ. "ಘಟ್ಟ ಎಲ್ಲಿಗೂ ಓಡಿ ಹೋಗೂದಿಲ್ಲ."

ಎರಡನೆಯ ಸಲವೂ ಬಿಟ್ಟು ಇಳಿಯಲು ಅವಳು ತಯಾರಾಗಿದ್ದಳು. ಮುಖದಲ್ಲಿ ಒಂದಿಷ್ಟೂ ಅಸಮಾಧಾನವಿರಲಿಲ್ಲ.

"ಇಲ್ಲ" ಎಂದೆ. "ನನಗ ನೋಡಬೇಕಾಗೇತಿ."

ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಎದ್ದು ನಿಂತೆ. ಹೆಜ್ಜೆ ಇಟ್ಟೆ, ನಿಂತೆ, ಉಸಿರು ತೆಗೆದುಕೊಂಡೆ, ಮತ್ತೆ ಹೆಜ್ಜೆ ಇಟ್ಟೆ. ಗಾಳಿಯಲ್ಲಿ ಸಣ್ಣಗೆ ಹಿಮ ಉದುರತೊಡಗಿತು, ನಿಂತಿತು. ಬಿಸಿಲು ಬಂತು. ಪತಾಕೆಗಳ ಪಟಪಟ ಸಪ್ಪಳ ತಲೆಯ ಮೇಲೆಯೇ ಕೇಳಿಸಿದಾಗ ನಾವು ನೆತ್ತಿಯ ಮೇಲಿದ್ದೆವು.

ನಾದಿನಿ ಆ ಕಡೆಗೆ ಬೆನ್ನು ಮಾಡಿ ನಿಂತುಬಿಟ್ಟಳು. ಎರಡೂ ಕಣ್ಣು ಮುಚ್ಚಿಕೊಂಡಿದ್ದಳು.

"ಯಾಕ ಬೇ? ತಲಿ ತಿರಗಾಕತ್ತೈತೇನ?"

"ಇಲ್ಲ. ಮೊದಲ ನೀ ನೋಡು. ನೋಡಿ ನನಗ ಹೇಳು. ಆಮ್ಯಾಲ ನಾ ನೋಡತೇನಿ."

ನಾನು ನೋಡಿದೆ. ಆ ಕಡೆ ಭೂಮಿಗೆ ಕೊನೆಯೇ ಇರಲಿಲ್ಲ. ಎಲ್ಲಿಂದ ಶುರು ಮಾಡಲಿ? ಅವಳು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು. ಕೆಳಗ ಒಂದ ಹೊಳಿ ಐತಿ, ಎಳೀಗಿಂತ ಸಣ್ಣ ಕಾಣತೈತಿ ಎಂದೆ. ದಂಡಿ ಮ್ಯಾಲ ಹಳದಿ ಗಿಡಾ ಅದಾವು. ಅತ್ತ ಕಡೆ ಮಳಿ ಆಗಾಕತ್ತೈತಿ, ಇತ್ತ ಕಡೆ ಬಿಸಲ ಐತಿ, ಮೋಡದ ನೆರಳ ಉಸುಕಿನ ಮ್ಯಾಲ ದನಾ ಹೊಡಕೊಂಡ ಹೋದಂಗ ಹೊಂಟೈತಿ. ಅದರಾಚೆ ಗುಡ್ಡ, ಅದರಾಚೆ ಇನ್ನೊಂದು ಗುಡ್ಡ. ಅವಳು ಹೂಂ, ಹೂಂ ಎನ್ನುತ್ತ ತಲೆಯಾಡಿಸುತ್ತಿದ್ದಳು. ಮುಚ್ಚಿದ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ನಾನು ಹೇಳುತ್ತಲೇ ಇದ್ದೆ. ಮುಂದೆ ಹೋದವರು ಕೆಳಗಿನಿಂದ ಸೀಟಿ ಹೊಡೆದು ಕರೆಯುವವರೆಗೂ ಹೇಳುತ್ತಲೇ ಇದ್ದೆ.

ನಿಮ್ಮ ಅಜ್ಜ ಹೋದ ಮೇಲೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.